ಒಂದೇ ದೋಣಿಯಲ್ಲಿ ಕುಳಿತವರು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ), ಅವರ ಕುಟುಂಬ ಹಾಗೂ ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಬೀದರ್, ಭಾಲ್ಕಿ, ಔರಾದ್ ಕಡೆಯವರಾದ ನಮಗೆ ಸಮುದ್ರ ಬಹಳ ದೂರ. ಬೀದರ್ ಪಟ್ಟಣ ನಿಂತಿರುವ ಕೆಂಪು ಕಲ್ಲಿನ ದಿಬ್ಬವೇ ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ನಮಗೆ ಗೊತ್ತಿರುವ ನೀರೆಂದರೆ ಮಾಂಜ್ರಾ ನದಿ, ಕಾರಂಜಾ ಡ್ಯಾಮ್, ಊರಿನ ಬಾವಿ, ಕೆರೆ. ಆದರೂ ಸಮುದ್ರ ನಮಗೆ ಪೂರ್ತಿ ಪರಕೀಯವಲ್ಲ. ಬೀದರಿನಲ್ಲಿ ಮದ್ರಸಾ ಕಟ್ಟಿಸಿದ ಖ್ವಾಜಾ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದವರು. 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು ಅಲ್ಲಿಂದ ಇಲ್ಲಿಗೆ ಬಂದರು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಹಜ್ಜಿಗೆ ಹೊರಟವರು ಮುಂಬೈಯಲ್ಲಿ ಹಡಗು ಹತ್ತುತ್ತಿದ್ದರು. ಆ ಹಡಗು ಯಾನ ನಿಂತದ್ದು 1995ರಲ್ಲಿ.

ಈಗ ಸಮುದ್ರಕ್ಕೆ ಹೋಗುವುದು ರಜೆಯ ಸಂತೋಷಕ್ಕಾಗಿ. ಈದ್ ಮುಗಿದ ಮೇಲೆ ಅಥವಾ ಶಾಲೆಗೆ ರಜೆ ಬಿದ್ದಾಗ ಎರಡು ಮೂರು ಮನೆಯವರು, ಜೊತೆಗೆ ಒಂದಿಬ್ಬರು ಸ್ನೇಹಿತರು ಸೇರಿ ಗಾಡಿ ಮಾಡಿಕೊಂಡು ಭಟ್ಕಳ, ಮುರುಡೇಶ್ವರ, ಮಲ್ಪೆಯ ಕಡೆಗೆ ಹೋಗುತ್ತಾರೆ. ಅಲ್ಲಿ ಸಣ್ಣ ದೋಣಿ ಗೊತ್ತುಮಾಡಿ, ಗಾಳ ಹಾಕಿ ಮೀನು ಹಿಡಿದು ಬರುತ್ತಾರೆ. ಇದು ಒಳ್ಳೆಯ ಸಂತೋಷ. ಸಮುದ್ರವನ್ನು ಮನುಷ್ಯನಿಗೆ ಅಧೀನಗೊಳಿಸಿದ್ದು, ಅದರಿಂದ ತಾಜಾ ಮಾಂಸ ಸಿಗುವಂತೆ ಮಾಡಿದ್ದು ತನ್ನ ಅನುಗ್ರಹವೆಂದು ಅಲ್ಲಾಹನು ಸೂರಃ ಅನ್ನಹ್ಲ್‌ನ 14ನೇ ವಚನದಲ್ಲಿ ನೆನಪಿಸುತ್ತಾನೆ. ಆದರೆ ಹೋಗಿ ಬಂದವರು ಮಸೀದಿಯಲ್ಲಿ ಕೇಳುವ ಪ್ರಶ್ನೆಗಳು ಹಲವು. ಏಡಿ ತಿನ್ನಬಹುದೇ? ಉಪ್ಪು ನೀರಿನಲ್ಲಿ ವುಝೂ ಆಗುತ್ತದೆಯೇ? ದೋಣಿಯಲ್ಲಿ ನಮಾಝ್ ಹೇಗೆ? ಇವೆಲ್ಲಕ್ಕೂ ಉತ್ತರ ಹೇಳೋಣ. ಅದಕ್ಕಿಂತ ಮೊದಲು, ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗಿದೆ: ಆ ದೋಣಿಗೆ ಎಷ್ಟು ಜನ ಹತ್ತಿದೆವು?

ಎಂಟು ಜನರ ದೋಣಿ, ಹನ್ನೊಂದು ಜನ

ಇದನ್ನು ಹೇಳಲು ನಮ್ಮದೇ ತಪ್ಪಿನಿಂದ ಆರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಬೀದರ್, ಭಾಲ್ಕಿ, ಔರಾದಿನ ನಮ್ಮ ಮೂರು ಮನೆಯವರು ಕೂಡಿ ಕರಾವಳಿಯ ಒಂದು ಊರಿಗೆ ಹೋಗಿದ್ದೆವು. ಫಜ್ರ್ ಮುಗಿಸಿ ದಡಕ್ಕೆ ಬಂದಾಗ ಹನ್ನೊಂದು ಮಂದಿ ಇದ್ದೆವು. ದೋಣಿಯವರು, "ಎಂಟು ಜನ ಮಾತ್ರ" ಎಂದರು. ನಾವು ಬಿಡಲಿಲ್ಲ. "ಮಕ್ಕಳೇ ತಾನೇ, ತೊಡೆ ಮೇಲೆ ಕೂರಿಸಿಕೊಳ್ಳುತ್ತೇವೆ" ಎಂದೆವು. ಐನೂರು ರೂಪಾಯಿ ಹೆಚ್ಚು ಕೊಡುತ್ತೇವೆಂದೂ ಹೇಳಿದೆವು. ಅವರು ಸಮುದ್ರದ ಕಡೆ ನೋಡುತ್ತಾ ಸುಮ್ಮನೆ ನಿಂತರು. ಆಗ ಔರಾದಿನ ಖಾಲಾ ಇಬ್ಬರು ಚಿಕ್ಕ ಮಕ್ಕಳ ಕೈ ಹಿಡಿದು ಹಿಂದೆ ಸರಿದರು. "ನಾ ಇಲ್ಲೇ ಕುಂತು ಚಹಾ ಕುಡೀತೀನಿ. ನೀವು ಹೋಗಿ ಬರ್ರಿ" ಎಂದರು. ಮಕ್ಕಳು ಅತ್ತರು. ನಮಗೂ ಸ್ವಲ್ಪ ಬೇಸರವಾಯಿತು.

ಮರಳಿ ಬರುವಾಗ, ಹೊಳೆ ಸಮುದ್ರವನ್ನು ಸೇರುವ ಅಳಿವೆಯಲ್ಲಿ ಒಂದು ಅಲೆ ದೋಣಿಯ ಪಕ್ಕಕ್ಕೆ ಬಡಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲಿನ ಗಂಟಿನವರೆಗೆ ನೀರು ತುಂಬಿತು. ಎಲ್ಲರ ಬಾಯಲ್ಲೂ ಅಲ್ಲಾಹನ ಹೆಸರು. ದೋಣಿಯವರು ಎಂಜಿನ್ನಿನ ವೇಗ ತಗ್ಗಿಸಿ, ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸಿ ಪಾರುಮಾಡಿದರು. ದಡ ಸೇರಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಇನ್ನೂ ಮೂರು ಜನ ಇದ್ದಿದ್ರೆ ದೋಣಿ ಅಂಚು ನೀರಿಗೆ ಮುಟ್ತಿತ್ತು." ಖಾಲಾ ದಡದಲ್ಲಿ ಮಕ್ಕಳಿಗೆ ಬಿಸ್ಕತ್ತು ತಿನ್ನಿಸುತ್ತಾ ಕುಳಿತಿದ್ದರು.

ಹಡಗಿನ ತಳದಲ್ಲಿ ರಂಧ್ರ

ಪ್ರವಾದಿವರ್ಯರ(ಸ) ಒಂದು ಪ್ರಸಿದ್ಧ ಉಪಮೆ ಸಹೀಹ್ ಬುಖಾರಿಯಲ್ಲಿದೆ. ನುಅ್‌ಮಾನ್ ಬಿನ್ ಬಶೀರ್(ರ) ಅದನ್ನು ವರದಿ ಮಾಡಿದ್ದಾರೆ. ಅದರ ಸಾರ ಇಷ್ಟು. ಕೆಲವರು ಚೀಟಿ ಹಾಕಿ ಒಂದು ಹಡಗಿನಲ್ಲಿ ಜಾಗ ಹಂಚಿಕೊಂಡರು. ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಗಿನದು ಸಿಕ್ಕಿತು. ಕೆಳಗಿನವರು ನೀರಿಗಾಗಿ ಪ್ರತಿ ಸಲ ಮೇಲಿನವರನ್ನು ದಾಟಿ ಹೋಗಬೇಕಿತ್ತು. ಮೇಲಿನವರಿಗೆ ತೊಂದರೆ ಕೊಡುವುದಕ್ಕಿಂತ ನಮ್ಮ ಪಾಲಿನ ಜಾಗದಲ್ಲೇ ಒಂದು ರಂಧ್ರ ಕೊರೆದರಾಯಿತು ಎಂದು ಅವರು ಯೋಚಿಸಿದರು. ಮೇಲಿನವರು ಅವರನ್ನು ಅವರ ಪಾಡಿಗೆ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ. ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ.

ಈ ಹದೀಸನ್ನು ನಾವು ಸಾಮಾನ್ಯವಾಗಿ ಸಮಾಜದ ಕೆಡುಕುಗಳ ಬಗ್ಗೆ ಮಾತನಾಡುವಾಗ ಉಲ್ಲೇಖಿಸುತ್ತೇವೆ. ಅದು ಸರಿಯೇ. ಆದರೆ ನಿಜವಾದ ದೋಣಿಯಲ್ಲಿ ಕುಳಿತಾಗ ಅದರ ಅರ್ಥ ಇನ್ನಷ್ಟು ಹತ್ತಿರವಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು.

ಮೊದಲನೆಯದು, ರಂಧ್ರ ಕೊರೆಯಲು ಹೊರಟವರು ಕೆಟ್ಟವರಲ್ಲ. ಇತರರಿಗೆ ತೊಂದರೆಯಾಗಬಾರದು ಎಂಬುದು ಅವರ ಉದ್ದೇಶ. "ಮಕ್ಕಳಿಗೆ ಬೇಸರವಾಗಬಾರದು" ಎಂದು ಮೂವರನ್ನು ಹೆಚ್ಚಿಗೆ ಹತ್ತಿಸಿಕೊಳ್ಳುವವರ ಉದ್ದೇಶವೂ ಒಳ್ಳೆಯದೇ. ಒಳ್ಳೆಯ ಉದ್ದೇಶ ದೋಣಿಯ ಭಾರವನ್ನು ಕಡಿಮೆ ಮಾಡುವುದಿಲ್ಲ.

ಎರಡನೆಯದು, "ನಮ್ಮ ಪಾಲಿನ ಜಾಗ" ಎಂಬ ಮಾತು. ರಸ್ತೆಯಲ್ಲಿ ನಡೆಯುವಾಗ ನಮ್ಮ ಅಜಾಗರೂಕತೆ ಒಮ್ಮೊಮ್ಮೆ ನಮಗೇ ಸೀಮಿತವಾಗಬಹುದು. ಸಣ್ಣ ದೋಣಿಯಲ್ಲಿ ಹಾಗಿಲ್ಲ. ಒಬ್ಬ ಹುಡುಗ ಫೋಟೋಗಾಗಿ ಎದ್ದು ನಿಂತರೆ ಎಲ್ಲರ ತೂಕ ಓಲಾಡುತ್ತದೆ. ಒಂದು ದೊಡ್ಡ ಮೀನು ಸಿಕ್ಕಿತೆಂದು ಎಲ್ಲರೂ ಒಂದೇ ಕಡೆ ಬಾಗಿದರೆ ಆ ಬದಿಯ ಅಂಚು ತಗ್ಗುತ್ತದೆ. ನೀರಿನ ಮಟ್ಟಕ್ಕೂ ದೋಣಿಯ ಅಂಚಿಗೂ ನಡುವೆ ಇರುವ ಒಂದೆರಡು ಗೇಣು ಅಂತರವೇ ಎಲ್ಲರ ಜೀವ. ಭಾರ ಹೆಚ್ಚಿದಷ್ಟೂ ಆ ಅಂತರ ಕುಗ್ಗುತ್ತದೆ. ಒಮ್ಮೆ ನೀರು ಒಳಗೆ ಬಂತೆಂದರೆ ಅದು ತಗ್ಗಿದ ಬದಿಗೇ ಹರಿದು ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ.

ಮೂರನೆಯದು, ತಡೆಯುವ ಹೊಣೆ. ಹದೀಸಿನಲ್ಲಿ ಎಲ್ಲರೂ ಉಳಿಯುವುದು ಯಾರೋ ಕೈ ಹಿಡಿದು ತಡೆದುದರಿಂದ. ನಮ್ಮ ಸಂಗತಿಯಲ್ಲಿ ಆ ಕೆಲಸ ಮಾಡಿದವರು ಹದೀಸ್ ಓದಿ ಹೇಳಬಲ್ಲ ನಾವಲ್ಲ. ಚಹಾದ ನೆಪ ಹೇಳಿ ಹಿಂದೆ ಸರಿದ ಒಬ್ಬ ಹೆಣ್ಣುಮಗಳು.

ನಡೆದ ದುರಂತಗಳು

ಇದು ಹೆದರಿಸಲು ಹೇಳುವ ಮಾತಲ್ಲ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅದರಲ್ಲಿ ಸಾಮರ್ಥ್ಯಕ್ಕಿಂತ ಹೆಚ್ಚು ಜನರಿದ್ದರು. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರ ದೋಣಿ ಮುಳುಗಿ 22 ಮಂದಿ ತೀರಿಕೊಂಡರು. ಅವರಲ್ಲಿ ಬಹಳಷ್ಟು ಮಕ್ಕಳು. ಒಂದೇ ಕುಟುಂಬದ ಹಲವರು ಅದರಲ್ಲಿದ್ದರು. ಮೀನುಗಾರಿಕೆ ದೋಣಿಯನ್ನೇ ವಿಹಾರಕ್ಕೆಂದು ಮಾರ್ಪಡಿಸಲಾಗಿತ್ತು. ಅದರಲ್ಲೂ ಹಿಡಿಸುವುದಕ್ಕಿಂತ ಹೆಚ್ಚು ಜನ. ಎರಡೂ ಕಡೆ ಜನ ಹೋಗಿದ್ದು ರಜೆಯ, ಹಬ್ಬದ ಸಂತೋಷಕ್ಕೆ. ಅಲ್ಲಾಹನು ಅಂಥ ದುಃಖ ಯಾವ ಮನೆಗೂ ತರದಿರಲಿ.

"ಮೌತ್ ಬರೆದಿದ್ದರೆ ಎಲ್ಲಿದ್ದರೂ ಬರುತ್ತೆ"

ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದರೆ ಕೆಲವರು ಈ ಮಾತು ಹೇಳುತ್ತಾರೆ. ಮಾತು ಸತ್ಯ, ಬಳಸಿದ ಜಾಗ ತಪ್ಪು. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆ ಇಡಲೇ, ಬಿಟ್ಟು ಭರವಸೆ ಇಡಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಕಟ್ಟು, ಅನಂತರ ಭರವಸೆ ಇಡು ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದು ತಿರ್ಮಿದಿಯಲ್ಲಿದೆ. ಶಾಮ್ ನಾಡಿನಲ್ಲಿ ಪ್ಲೇಗ್ ಹರಡಿದಾಗ ಉಮರ್(ರ) ಅಲ್ಲಿಗೆ ಹೋಗದೆ ಹಿಂದಿರುಗಿದರು. ಇದು ತಕ್ದೀರಿನಿಂದ ಓಡುವುದಲ್ಲವೇ ಎಂಬ ಪ್ರಶ್ನೆ ಬಂದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಲೈಫ್ ಜಾಕೆಟ್ ಕೂಡ ಅಲ್ಲಾಹನ ವಿಧಿಯೇ.

ನಮ್ಮ ಊರುಗಳಲ್ಲಿ ಬೇಸಿಗೆ ಬಂತೆಂದರೆ ಮಾಳಿಗೆಯ ಮೇಲೆ ಮಲಗುವುದು ರೂಢಿ. ಅಂಚುಗೋಡೆ ಇಲ್ಲದ ಮಾಳಿಗೆಯ ಮೇಲೆ ಮಲಗಿದವನ ಬಗ್ಗೆ ಹೊಣೆ ಉಳಿಯುವುದಿಲ್ಲ ಎಂಬ ಎಚ್ಚರಿಕೆ ಅಬೂದಾವೂದ್‌ನಲ್ಲಿದೆ. ಮುಸ್ನದ್ ಅಹ್ಮದ್‌ನ ವರದಿಯಲ್ಲಿ ಇದರ ಜೊತೆಗೆ, ಸಮುದ್ರ ಉಕ್ಕುತ್ತಿರುವಾಗ ಅದರ ಮೇಲೆ ಯಾನ ಹೊರಟವನನ್ನೂ ಸೇರಿಸಿ ಹೇಳಲಾಗಿದೆ. ಮಾಳಿಗೆಗೆ ಅಂಚುಗೋಡೆ ಹೇಗೋ ದೋಣಿಗೆ ಲೈಫ್ ಜಾಕೆಟ್ ಹಾಗೆ. ನೀರಿನಲ್ಲಿ ಮುಳುಗಿ ತೀರಿಕೊಂಡವರು ಶಹೀದರ ಸಾಲಿಗೆ ಸೇರುತ್ತಾರೆಂಬ ಹದೀಸ್ ಇದೆ. ಅದು ದುಃಖದಲ್ಲಿರುವ ಮನೆಯವರಿಗೆ ಸಾಂತ್ವನ. ಬೇಕೆಂದೇ ಅಪಾಯಕ್ಕೆ ಇಳಿಯಲು ಪರವಾನಗಿಯಲ್ಲ. ನಮ್ಮ ಕೈಯಾರೆ ನಾಶಕ್ಕೆ ಬೀಳಬಾರದೆಂದು ಸೂರಃ ಅಲ್‌ಬಕರಃದ 195ನೇ ವಚನ ಎಚ್ಚರಿಸುತ್ತದೆ.

ಇನ್ನೊಂದು ವಿಷಯ. ಭಯಪಡುವವರನ್ನು ಗೇಲಿ ಮಾಡಿ, ಎಳೆದು ದೋಣಿ ಹತ್ತಿಸಬೇಡಿ. ಉಸ್ಮಾನ್(ರ)ರ ಕಾಲದಲ್ಲಿ ಮುಆವಿಯಾ(ರ)ರು ಸೈಪ್ರಸ್ ಕಡೆಗೆ ಸಮುದ್ರ ಯಾನಕ್ಕೆ ಅನುಮತಿ ಪಡೆದಾಗ, ಯಾರನ್ನೂ ಬಲವಂತ ಮಾಡಬಾರದು, ತಾವಾಗಿ ಬಯಸಿದವರನ್ನು ಮಾತ್ರ ಕರೆದೊಯ್ಯಬೇಕು ಎಂಬ ಷರತ್ತು ಹಾಕಲಾಗಿತ್ತೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಬಯಸಿದ ಹೆಣ್ಣುಮಕ್ಕಳನ್ನು ತಡೆಯುವುದೂ ಸರಿಯಲ್ಲ. ಆ ಯಾನದಲ್ಲಿದ್ದ ಉಮ್ಮು ಹರಾಮ್(ರ) ಸಮುದ್ರ ಯಾನಿಗಳ ಗುಂಪಿನಲ್ಲಿ ತಾವೂ ಇರಬೇಕೆಂದು ಪ್ರವಾದಿವರ್ಯರಿಂದ(ಸ) ದುಆ ಮಾಡಿಸಿಕೊಂಡವರು.

ದೋಣಿಯವರ ಹಕ್ಕು

ಸೂರಃ ಅಲ್‌ಕಹ್ಫ್‌ನಲ್ಲಿ ಮೂಸಾ(ಅ) ಮತ್ತು ಖಿಝ್ರ್(ಅ) ಹತ್ತಿದ ದೋಣಿಯ ಪ್ರಸಂಗವಿದೆ. ಆ ದೋಣಿ ಸಮುದ್ರದಲ್ಲಿ ದುಡಿಯುವ ಬಡವರದು ಎಂದು 79ನೇ ವಚನ ತಿಳಿಸುತ್ತದೆ. ಅವರ ಜೀವನಾಧಾರ ದೊರೆಯ ಕೈಗೆ ಸಿಗದಿರಲಿ ಎಂದೇ ಅದನ್ನು ದೋಷಯುಕ್ತಗೊಳಿಸಲಾಯಿತು. ನಾವು ಬಾಡಿಗೆಗೆ ಹಿಡಿಯುವ ದೋಣಿಯೂ ಯಾರದೋ ಅನ್ನ.

ಆದ್ದರಿಂದ ಬಾಡಿಗೆಯನ್ನು ಹತ್ತುವ ಮೊದಲೇ ಸ್ಪಷ್ಟವಾಗಿ ಮಾತಾಡಿಕೊಳ್ಳಿ. ಎಷ್ಟು ಹೊತ್ತು, ಎಷ್ಟು ಜನ, ಸಿಕ್ಕ ಮೀನು ಯಾರಿಗೆ ಎಂಬುದೆಲ್ಲ ತೀರ್ಮಾನವಾಗಲಿ. ಮೀನು ಸಿಗಲಿಲ್ಲವೆಂದು ಹಣ ಮುರಿದುಕೊಳ್ಳುವುದು ಅನ್ಯಾಯ. ನಾವು ಕೊಂಡದ್ದು ಅವರ ಶ್ರಮ ಮತ್ತು ಸಮಯವನ್ನು. ಮೀನು ಅಲ್ಲಾಹನ ಕೈಯಲ್ಲಿದೆ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಹದೀಸ್ ಇಬ್ನು ಮಾಜಃದಲ್ಲಿದೆ.

ಅದಕ್ಕಿಂತ ದೊಡ್ಡ ಹಕ್ಕು ಇನ್ನೊಂದಿದೆ. ಅವರು "ಇವತ್ತು ಬೇಡ" ಎಂದರೆ ಅದನ್ನು ಕೇಳುವುದು. ನಾವು ಏಳುನೂರು ಕಿಲೋಮೀಟರಿನಷ್ಟು ದೂರದಿಂದ ಬಂದಿದ್ದೇವೆ ಎಂಬುದು ಸಮುದ್ರಕ್ಕೆ ಗೊತ್ತಿಲ್ಲ. ಹೆಚ್ಚು ಹಣದ ಆಸೆ ತೋರಿಸಿದರೆ, ಸಾಲದಲ್ಲಿರುವ ಮನುಷ್ಯ ಮನಸ್ಸಿಲ್ಲದಿದ್ದರೂ ಒಪ್ಪಬಹುದು. ಆಗ ದೋಣಿಯ ತಳಕ್ಕೆ ರಂಧ್ರ ಕೊರೆದವರು ಯಾರು? ನೋಟು ಚಾಚಿದ ಕೈಯೇ ಅಲ್ಲವೇ? ಅವರ ಮನೆಯಲ್ಲೂ ಕಾಯುವ ಮಕ್ಕಳಿದ್ದಾರೆ.

ಮಳೆಗಾಲದಲ್ಲಿ ಈ ಯೋಜನೆಯನ್ನೇ ಕೈಬಿಡಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆ ಅವಧಿ ಹಲವು ಜಾತಿಯ ಮೀನುಗಳು ಮೊಟ್ಟೆ ಇಡುವ ಕಾಲ. ಸಮುದ್ರ ಪ್ರಕ್ಷುಬ್ಧವಾಗಿರುವ ಕಾಲವೂ ಹೌದು.

ಯಾವ ಮೀನು ಹಲಾಲ್?

ಸಮುದ್ರದ ಬೇಟೆ ಮತ್ತು ಅದರ ಆಹಾರ ನಿಮಗೂ ಪ್ರಯಾಣಿಕರಿಗೂ ಧರ್ಮಸಮ್ಮತ ಎಂಬ ಆಶಯ ಸೂರಃ ಅಲ್‌ಮಾಇದಃದ 96ನೇ ವಚನದಲ್ಲಿದೆ. ಮೀನಿಗೆ ಝಬಹ್ ಬೇಕಿಲ್ಲ. ಹಿಡಿದವರು ಯಾವ ಧರ್ಮದವರಾದರೂ ಮೀನು ಹಲಾಲ್. ಅಬೂ ಉಬೈದಾ(ರ)ರ ನಾಯಕತ್ವದಲ್ಲಿ ಹೋಗಿದ್ದ ಸುಮಾರು 300 ಸಹಾಬಿಗಳ ಬಳಿ ಖರ್ಜೂರ ಮುಗಿಯುತ್ತಾ ಬಂದು, ದಿನಕ್ಕೆ ಒಂದೊಂದೇ ಸಿಗುವ ಸ್ಥಿತಿ ಬಂದಿತ್ತು. ಆಗ ಸಮುದ್ರವು ದಡಕ್ಕೆ ಎಸೆದಿದ್ದ ಒಂದು ಬೃಹತ್ ಮೀನನ್ನು ಅವರು ಹಲವು ದಿನ ತಿಂದರು. ಮದೀನಾಕ್ಕೆ ಮರಳಿದಾಗ ಪ್ರವಾದಿವರ್ಯರು(ಸ) ಅದು ಅಲ್ಲಾಹನು ಕೊಟ್ಟ ಅನ್ನವೆಂದು ತಿಳಿಸಿದರು. ಈ ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ನಮ್ಮ ಭಾಗದಲ್ಲಿ ಹೆಚ್ಚಿನವರು ಹನಫಿ ಮದ್‌ಹಬಿನವರು. ಭಟ್ಕಳದ ನವಾಯತರು ಮತ್ತು ದಕ್ಷಿಣ ಕನ್ನಡದ ಬ್ಯಾರಿಗಳು ಶಾಫಿಈಗಳು. ಆದ್ದರಿಂದಲೇ ಅಲ್ಲಿ ಹೋದಾಗ ತಟ್ಟೆಯ ಮುಂದೆ ಗೊಂದಲವಾಗುತ್ತದೆ. ಹನಫಿ ಮದ್‌ಹಬಿನಲ್ಲಿ ನೀರಿನ ಪ್ರಾಣಿಗಳಲ್ಲಿ ಮೀನು ಮಾತ್ರ ಹಲಾಲ್. ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಇವೆಲ್ಲ ಮೀನುಗಳೇ. ಏಡಿ, ಬೊಂಡಾಸ್, ಚಿಪ್ಪಿನ ಜೀವಿಗಳು ಹನಫಿಗಳಿಗೆ ಇಲ್ಲ. ಸಿಗಡಿಯ ವಿಷಯದಲ್ಲಿ ಹನಫಿ ಉಲಮಾಗಳಲ್ಲೇ ಭಿನ್ನಾಭಿಪ್ರಾಯವಿದೆ. ಅದನ್ನು ಮೀನೆಂದು ಪರಿಗಣಿಸಿದವರು ಅನುಮತಿಸಿದ್ದಾರೆ. ಕೆಲವರು ದೂರವಿರುವುದು ಉತ್ತಮ ಎಂದಿದ್ದಾರೆ. ಶಾಫಿಈ ಮದ್‌ಹಬಿನಲ್ಲಿ ಅವಕಾಶ ಹೆಚ್ಚು ವಿಶಾಲವಾಗಿದೆ. ಆದರೆ ಏಡಿಯ ಬಗ್ಗೆ ಅವರಲ್ಲೂ ಎರಡು ಅಭಿಪ್ರಾಯಗಳಿವೆ. ಆತಿಥ್ಯ ನೀಡಿದವರ ತಟ್ಟೆಯಲ್ಲಿ ಏಡಿ ಕಂಡರೆ ಮುಖ ಕಿವುಚುವುದೂ, ನಾವು ತಿನ್ನದಿದ್ದರೆ ಅವರು ನಗುವುದೂ ಎರಡೂ ಸಭ್ಯತೆಯಲ್ಲ.

ತಾನಾಗಿ ಸತ್ತು ಹೊಟ್ಟೆ ಮೇಲಾಗಿ ತೇಲುವ ಮೀನನ್ನು ಹನಫಿಗಳು ತಿನ್ನಬಾರದು. ಬಲೆಯಲ್ಲಿ, ಗಾಳದಲ್ಲಿ ಸತ್ತದ್ದು, ಅಲೆ ದಡಕ್ಕೆಸೆದು ಸತ್ತದ್ದು ಹಲಾಲ್.

ಗಾಳದ ಅದಬು

ತಿನ್ನಲು ಅಥವಾ ಮಾರಲು ಹಿಡಿಯುವುದಕ್ಕೆ ಅಡ್ಡಿಯಿಲ್ಲ. ಬರೀ ಮೋಜಿಗಾಗಿ ಹಿಡಿದು ದಡದಲ್ಲಿ ಒಣಗಲು ಬಿಡುವುದು ತಪ್ಪು. ವಿನಾಕಾರಣ ಕೊಂದ ಗುಬ್ಬಚ್ಚಿಯೂ ಅಂತ್ಯದಿನ ದೂರು ಹೇಳುತ್ತದೆಂಬ ಎಚ್ಚರಿಕೆ ನಸಾಈಯಲ್ಲಿದೆ. ಜೀವಂತ ಎರೆಹುಳುವನ್ನು ಗಾಳಕ್ಕೆ ಚುಚ್ಚುವುದನ್ನು ಹಲವು ಉಲಮಾಗಳು ಮಕ್ರೂಹ್ ಎಂದಿದ್ದಾರೆ. ಸತ್ತ ಸಿಗಡಿ, ಮೀನಿನ ತುಂಡು, ಸಿಹಿನೀರಿನಲ್ಲಾದರೆ ಹಿಟ್ಟಿನ ಉಂಡೆ ಸಾಕು. ಹಿಡಿದ ಮೀನು ಬಡಿದಾಡುತ್ತಿರುವಾಗಲೇ ಕೊಯ್ಯಬೇಡಿ, ಪೂರ್ತಿ ಸಾಯುವವರೆಗೆ ಕಾಯಿರಿ. ಚಿಕ್ಕ ಮರಿಗಳನ್ನು ಕೂಡಲೇ ನೀರಿಗೆ ಬಿಡಿ. ಕಡಲಾಮೆ ಸಿಕ್ಕಿದರೆ ಮುಟ್ಟದೆ ಬಿಡಬೇಕು. ಅದು ಹನಫಿಗಳಿಗೆ ಹಲಾಲ್ ಅಲ್ಲ, ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು ಅಪರಾಧ. ತುಂಡಾದ ಗಾಳದ ದಾರ, ಪ್ಲಾಸ್ಟಿಕ್ ಚೀಲಗಳನ್ನು ನೀರಿಗೆ ಎಸೆಯಬೇಡಿ. ಮೀನು, ಹಕ್ಕಿ, ಆಮೆಗಳಿಗೆ ಅದು ಉರುಳಾಗುತ್ತದೆ.

ವುಝೂ ಮತ್ತು ನಮಾಝ್

ಸಮುದ್ರದ ನೀರಿನಿಂದ ವುಝೂ ಆಗುತ್ತದೆ. ನಾವು ಸಮುದ್ರಯಾನ ಮಾಡುವಾಗ ಸ್ವಲ್ಪವೇ ಸಿಹಿನೀರು ಒಯ್ಯುತ್ತೇವೆ, ಅದರಿಂದ ವುಝೂ ಮಾಡಿದರೆ ಕುಡಿಯಲು ಉಳಿಯುವುದಿಲ್ಲ ಎಂದು ಒಬ್ಬರು ಕೇಳಿದಾಗ, ಸಮುದ್ರದ ನೀರು ಶುದ್ಧೀಕರಿಸುವಂಥದ್ದು, ಅದರ ಸತ್ತ ಮೀನು ಹಲಾಲ್ ಎಂದು ಪ್ರವಾದಿವರ್ಯರು(ಸ) ತಿಳಿಸಿದರು (ಅಬೂದಾವೂದ್, ತಿರ್ಮಿದಿ). ಕೇಳಿದ್ದು ನೀರಿನ ಬಗ್ಗೆ ಮಾತ್ರ. ಪ್ರಯಾಣಿಕನಿಗೆ ಹಸಿವೂ ಆಗುತ್ತದೆಂದು ಅರಿತು ಅನ್ನದ ಉತ್ತರವನ್ನೂ ಸೇರಿಸಿಕೊಟ್ಟರು. ಆದ್ದರಿಂದ ಉಪ್ಪು ನೀರೆಂಬ ಕಾರಣಕ್ಕೆ ತಯಮ್ಮುಮ್ ಮಾಡುವಂತಿಲ್ಲ.

ಹನಫಿ ಮದ್‌ಹಬಿನಂತೆ ಮೀನಿನ ರಕ್ತ ನಜಸ್ ಅಲ್ಲ. ಬಟ್ಟೆಗೆ ತಾಗಿದರೆ ನಮಾಝಿಗೆ ಅಡ್ಡಿಯಿಲ್ಲ. ಆದರೂ ವಾಸನೆಯಿಂದ ಪಕ್ಕದವರಿಗೆ ತೊಂದರೆಯಾಗದಂತೆ ಬದಲಿಸಿಕೊಂಡು ಮಸೀದಿಗೆ ಹೋಗಿ. ಕೈಗೆ ಅಂಟಿದ ಮೀನಿನ ಪೊರೆಯನ್ನು ಮಾತ್ರ ತೆಗೆಯಲೇಬೇಕು. ಅದರ ಕೆಳಗೆ ನೀರು ತಲುಪದಿದ್ದರೆ ವುಝೂ ಪೂರ್ಣವಾಗದು.

ದೋಣಿ ಹೊರಡುವ ಸಮಯವನ್ನು ನಮಾಝಿಗೆ ಹೊಂದಿಸಿಕೊಳ್ಳುವುದೇ ಸುಲಭ ದಾರಿ. ಫಜ್ರ್ ಮುಗಿಸಿ ಹೊರಟು ಝುಹ್‌ರ್‌ಗೆ ಮೊದಲೇ ಬರಬಹುದು. ಬೆಳಗಿನ ಹೊತ್ತು ಸಮುದ್ರವೂ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ದೋಣಿಯಲ್ಲೇ ಸಮಯವಾದರೆ ಕಿಬ್ಲಾದ ಕಡೆ ಮುಖ ಮಾಡಿ, ದೋಣಿ ತಿರುಗಿದಂತೆ ತಾವೂ ತಿರುಗುತ್ತಾ ನಮಾಝ್ ಮಾಡಬೇಕು. ನಿಂತರೆ ದೋಣಿ ಓಲಾಡುವ, ತಲೆ ಸುತ್ತುವ ಭಯವಿದ್ದರೆ ಕುಳಿತು ಮಾಡಬೇಕು. ಸಣ್ಣ ದೋಣಿಯಲ್ಲಿ ಆ ಭಯ ಯಾವಾಗಲೂ ಇರುತ್ತದೆ.

ಬೀದರಿನಿಂದ ಕರಾವಳಿಗೆ ಹೋದವರು ಮುಸಾಫಿರರು. ಸುಮಾರು 77 ಕಿಲೋಮೀಟರಿಗಿಂತ ದೂರದ ಪ್ರಯಾಣ, ಅಲ್ಲಿ 15 ದಿನಕ್ಕಿಂತ ಕಡಿಮೆ ವಾಸ ಎಂದಾದರೆ ಹನಫಿಗಳು ನಾಲ್ಕು ರಕಅತ್‌ನ ಫರ್ಝನ್ನು ಎರಡಾಗಿ ಮಾಡಬೇಕು. ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ಣ ನಾಲ್ಕು. ಭಟ್ಕಳದಂಥ ಕಡೆ ಶಾಫಿಈ ಸಮಯದ ಪ್ರಕಾರ ಅಸ್ರ್ ಅಝಾನ್ ನಮಗಿಂತ ಬೇಗ ಆಗುತ್ತದೆ. ಗಾಬರಿಯಾಗಬೇಕಿಲ್ಲ. ಅಲ್ಲಿನ ಜಮಾಅತ್‌ಗೆ ಸೇರಲು ಉಲಮಾಗಳು ಅವಕಾಶ ಕೊಟ್ಟಿದ್ದಾರೆ.

ಮನೆಯ ಹತ್ತಿರದ ನೀರು: ಕಾರಂಜಾ, ಮಾಂಜ್ರಾ

ಕರಾವಳಿಗೆ ಹೋಗಲಾಗದವರು ರಜೆಯ ದಿನ ಗಾಳ ಹಿಡಿದು ಹೋಗುವುದು ಕಾರಂಜಾ ಜಲಾಶಯಕ್ಕೆ. ಮಾಂಜ್ರಾದ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಟ್ಟಿದ ಈ ಅಣೆಕಟ್ಟೆಯ ಸಾಮರ್ಥ್ಯ ಸುಮಾರು 7.69 ಟಿಎಂಸಿ. ರೋಹು, ಕಾಟ್ಲಾ ಅಲ್ಲಿ ಸಿಗುತ್ತವೆ. ಸಮುದ್ರವಲ್ಲವೆಂದು ಇಲ್ಲಿ ನಾವು ಇನ್ನೂ ಅಜಾಗರೂಕರು. ಥರ್ಮಾಕೋಲ್ ತೆಪ್ಪ, ಗಾಳಿ ತುಂಬಿದ ಟ್ಯೂಬಿನ ಮೇಲೆ ಹುಡುಗರು ನಡುನೀರಿಗೆ ಹೋಗುತ್ತಾರೆ. ನೆನಪಿಡಿ, ಉಪ್ಪು ನೀರಿಗಿಂತ ಸಿಹಿನೀರಿನಲ್ಲಿ ದೇಹ ತೇಲುವುದು ಕಡಿಮೆ. ದಡದ ಕರಿಮಣ್ಣು ಜಾರುತ್ತದೆ, ಕಾಲು ಹೂತರೆ ಬಿಡುವುದಿಲ್ಲ. ಔರಾದ್, ಭಾಲ್ಕಿ ಕಡೆಯ ಮಾಂಜ್ರಾದಲ್ಲಿ ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ. ನಮ್ಮಲ್ಲಿ ಹನಿ ಮಳೆಯಿಲ್ಲದಿದ್ದರೂ ಮಹಾರಾಷ್ಟ್ರದ ಧನೇಗಾಂವ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ.

ಜಲಾಶಯ, ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸರ್ಕಾರ ಗುತ್ತಿಗೆ ಅಥವಾ ಪರವಾನಗಿಯ ಮೂಲಕ ಮೀನುಗಾರರಿಗೆ ಕೊಟ್ಟಿರುತ್ತದೆ. ಅವರನ್ನು ಕೇಳದೆ ಹಿಡಿಯುವುದು ಮತ್ತೊಬ್ಬರ ಹಕ್ಕಿಗೆ ಕೈ ಹಾಕಿದಂತೆ. ಸಿಡಿಮದ್ದು ಅಥವಾ ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಕುಡಿಯುವ ನೀರಿಗೆ ವಿಷ ಬೆರೆಸುವುದಕ್ಕಿಂತ ದೊಡ್ಡ ರಂಧ್ರ ಯಾವುದು?

ಕಾರಂಜಾಕ್ಕೆ ಹೋದವರು ಮುಸಾಫಿರರಲ್ಲ. ನಮಾಝ್ ಪೂರ್ಣ, ಜುಮಾ ಕಡ್ಡಾಯ. ಶನಿವಾರದ ಆರಾಧನೆಯ ದಿನವೇ ಮೀನುಗಳು ನೀರ ಮೇಲೆ ಎದ್ದು ಬರುತ್ತಿದ್ದಾಗ ಪರೀಕ್ಷೆಯಲ್ಲಿ ಸೋತ ಕಡಲತೀರದ ಜನರ ಕಥೆಯನ್ನು ಸೂರಃ ಅಲ್‌ಅಅ್‌ರಾಫ್‌ನ 163ನೇ ವಚನ ಹೇಳುತ್ತದೆ. ಶುಕ್ರವಾರ ಮಧ್ಯಾಹ್ನ ಗಾಳಕ್ಕೆ ಮೀನು ಎಳೆಯುತ್ತಿದ್ದರೂ ಅಝಾನ್ ಕೇಳಿದರೆ ಎದ್ದು ಬರಬೇಕು. ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಹರಡಿಕೊಂಡು ಅಲ್ಲಾಹನ ಅನುಗ್ರಹವನ್ನು ಅರಸಲು ಸೂರಃ ಅಲ್‌ಜುಮುಅಃದಲ್ಲೇ ಅನುಮತಿ ಇದೆ.

ಹೊರಡುವ ಮೊದಲು ಆರು ಮಾತು

1. ದೋಣಿಯವರು ಹೇಳಿದ ಸಂಖ್ಯೆಯೇ ಕೊನೆಯ ಮಾತು. ಮಡಿಲ ಮಗುವೂ ಒಂದು ಜೀವ, ಎಣಿಕೆಗೆ ಬರಲಿ. ಹೆಚ್ಚಿದ್ದರೆ ಎರಡು ಸರದಿಯಲ್ಲಿ ಹೋಗಿ.

2. ಪ್ರತಿಯೊಬ್ಬರಿಗೂ ಅವರವರ ಅಳತೆಯ ಲೈಫ್ ಜಾಕೆಟ್ ಇರಲಿ. ದೊಡ್ಡವರ ಜಾಕೆಟ್ ಮಕ್ಕಳ ತಲೆಯಿಂದ ಕಳಚಿಹೋಗುತ್ತದೆ. ಕಾಲ ಕೆಳಗೆ ಇಟ್ಟ ಜಾಕೆಟ್ ಉಪಯೋಗವಿಲ್ಲ, ದಡದಲ್ಲೇ ಕಟ್ಟಿಕೊಳ್ಳಿ. ಬುರ್ಖಾ, ಶಾಲು, ದುಪಟ್ಟಾಗಳನ್ನು ಎಂಜಿನ್ನಿಗೆ ಸಿಲುಕದಂತೆ ಸುತ್ತಿಕೊಂಡು, ಅವುಗಳ ಮೇಲೆ ಜಾಕೆಟ್ ಧರಿಸಿ.

3. ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಬೆಳಿಗ್ಗೆ ದೋಣಿಯವರನ್ನು ಮತ್ತೆ ಕೇಳಿ.

4. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ದಡದಲ್ಲಿ ಒಬ್ಬರಿಗೆ ತಿಳಿಸಿರಿ. ತುರ್ತಿಗೆ 112, ಸಮುದ್ರದಲ್ಲಾದರೆ ಕರಾವಳಿ ಕಾವಲು ಪಡೆಯ 1554.

5. ಕುಳಿತಲ್ಲೇ ಕುಳಿತಿರಿ. ದೋಣಿ ಮಗುಚಿದರೆ ದಡದ ಕಡೆ ಈಜಲು ಹೋಗದೆ ದೋಣಿಯನ್ನೇ ಹಿಡಿದುಕೊಳ್ಳಿ.

6. ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಈಜು ಕಲಿಸಿ. ವ್ಯರ್ಥವಲ್ಲದ ಆಟಗಳಲ್ಲಿ ಈಜು ಕಲಿಯುವುದನ್ನೂ ಪ್ರವಾದಿವರ್ಯರು(ಸ) ಎಣಿಸಿದ್ದು ನಸಾಈಯಲ್ಲಿದೆ.

ದಡ ಸೇರಿದ ಮೇಲೆ

ಹಡಗಿನಲ್ಲಿ ಸುಖವಾಗಿ ಸಾಗುತ್ತಿದ್ದವರನ್ನು ಬಿರುಗಾಳಿ, ಅಲೆಗಳು ಸುತ್ತುವರಿದಾಗ ಅವರು ಅಲ್ಲಾಹನನ್ನು ಮಾತ್ರ ಕೂಗುತ್ತಾರೆ. ಪಾರುಮಾಡಿದರೆ ಕೃತಜ್ಞರಾಗಿರುತ್ತೇವೆಂದು ಮಾತು ಕೊಡುತ್ತಾರೆ. ದಡ ಸೇರಿದ ಕೂಡಲೇ ಮತ್ತೆ ಅನ್ಯಾಯಕ್ಕೆ ಇಳಿಯುತ್ತಾರೆ. ಸೂರಃ ಯೂನುಸ್‌ನ 22 ಮತ್ತು 23ನೇ ವಚನಗಳ ಸಾರ ಇದು. ಆ ಅಳಿವೆಯ ಅಲೆಯಲ್ಲಿ ನಾವೂ ಏನೇನೋ ಮಾತು ಕೊಟ್ಟೆವು. ಸಂಜೆ ಹೊತ್ತಿಗೆ ಮೀನು ಹುರಿದು ತಿನ್ನುವಾಗ ಅರ್ಧ ಮರೆತಿದ್ದೆವು. ಮರೆಯದೆ ಉಳಿದದ್ದು ಖಾಲಾ ಹಿಂದೆ ಸರಿದ ಆ ಒಂದು ಹೆಜ್ಜೆ. ಇನ್ನೊಬ್ಬರ ಜೀವ ಉಳಿಸುವುದೆಂದರೆ ಕೆಲವೊಮ್ಮೆ ಅಷ್ಟೇ: ತನ್ನ ಜಾಗ ಬಿಟ್ಟುಕೊಟ್ಟು ದಡದಲ್ಲಿ ಕುಳಿತುಕೊಳ್ಳುವುದು.

ಓ ಅಲ್ಲಾಹ್, ನೆಲದಲ್ಲೂ ನೀರಿನಲ್ಲೂ ನಮ್ಮ ಮಕ್ಕಳನ್ನು ಕಾಪಾಡು. ಸಮುದ್ರದಲ್ಲಿ ದುಡಿಯುವವರನ್ನು ಅವರ ಮನೆಗಳಿಗೆ ಸುರಕ್ಷಿತವಾಗಿ ಮರಳಿಸು. ತಪ್ಪು ಕಂಡಾಗ ಪ್ರೀತಿಯಿಂದ ಕೈ ಹಿಡಿದು ತಡೆಯುವ ಧೈರ್ಯವನ್ನೂ, ನಮ್ಮನ್ನು ತಡೆದವರ ಮೇಲೆ ಕೋಪಿಸಿಕೊಳ್ಳದ ಮನಸ್ಸನ್ನೂ ನಮಗೆ ದಯಪಾಲಿಸು. ನೀರಿನಲ್ಲಿ ಪ್ರಾಣ ಬಿಟ್ಟವರ ಮನೆಯವರಿಗೆ ಸಹನೆ ಕೊಡು. ಆಮೀನ್.